ಜೋಡಿಮನೆಯ ಚೂರು

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಜೋಡಿಮನೆ ಯಾವುದೆಂದು ಕೇಳುತ್ತಾರೆ. ಒಲೆ ಉರಿಯುವ ಪ್ರತಿ ಮನೆಗೂ ಊರಿನಲ್ಲಿ ಇನ್ನೊಂದು ಮನೆ ಜೋಡಿ. ಇಲ್ಲಿ ಗಾಜಿನ ಲೋಟ ಬಿದ್ದು ಒಡೆದರೆ ಅಲ್ಲಿಯೂ ಒಂದು ಗಾಜಿನ ಲೋಟ ಒಡೆಯುತ್ತದೆ. ಇಲ್ಲಿ ಗಡಿಗೆ ಹೋದರೆ ಅಲ್ಲಿಯೂ ಗಡಿಗೆ ಹೋಗುತ್ತದೆ. ಹಾಗಾಗಿ ನಮ್ಮ ಹೆಂಗಸರು ಪಾತ್ರೆ ಇಟ್ಟರೆ ಸಪ್ಪಳ ಕೇಳುವುದಿಲ್ಲ. ಮಕ್ಕಳಿಗೆ ನಡೆಯುವುದಕ್ಕಿಂತ ಮೊದಲು ಹಿಡಿಯುವುದನ್ನು ಕಲಿಸುತ್ತಾರೆ. ಪರವೂರಿನಿಂದ ಬಂದ ಸೊಸೆ ಒಂದು ವರ್ಷ ಸ್ಟೀಲಿನ ಪಾತ್ರೆಯನ್ನಷ್ಟೇ ಮುಟ್ಟಬೇಕು.

ಒಡೆದವರು ಹೊತ್ತು ಮುಳುಗುವುದರೊಳಗೆ ಜೋಡಿಮನೆಗೆ ಹೇಳಿಕಳಿಸಬೇಕು. ಆ ಮನೆಯವರು ತಮ್ಮಲ್ಲಿ ಬಿದ್ದ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಾರೆ. ಚೂರು ತಂದವರಿಗೆ ಬೆಲ್ಲ, ನೀರು ಕೊಟ್ಟು, ಒಡೆದದ್ದಕ್ಕೆ ಬದಲಾಗಿ ಅಂಥದೇ ಇಡಿಯ ವಸ್ತುವನ್ನು ಕೈಗಿಡಬೇಕು. ಯಾರೂ ಸಿಟ್ಟಿನ ಮಾತಾಡಬಾರದು. ಎರಡೂ ಕಡೆ ಒಂದೇ ಗಳಿಗೆಗೆ ಒಡೆಯುವುದರಿಂದ ಮೊದಲು ಕೈತಪ್ಪಿದ್ದು ಯಾರದೆಂದು ಚೂರು ನೋಡಿ ಹೇಳಲಾಗದು. ಒಡೆದವರೇ ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಮಾತು. ಜೋಡಿಮನೆಯ ಕಾಟ ಬೇಡವೆಂದು ಮನೆಯನ್ನು ಖಾಲಿ ಮಾಡಿಟ್ಟುಕೊಳ್ಳುವ ಹಾಗಿಲ್ಲ. ಒಡೆಯುವಂಥದ್ದು ನಾಲ್ಕಾದರೂ ಇಲ್ಲದ ಮನೆಯನ್ನು ನಮ್ಮವರು ಮನೆ ಎನ್ನುವುದಿಲ್ಲ, ಮೋಸ ಎನ್ನುತ್ತಾರೆ.

ನಮ್ಮ ಜೋಡಿಮನೆ ಕೆರೆಯ ಆಚೆ ದಂಡೆಯ ರಾಚಪ್ಪನವರದು. ಮೂವರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಒಂದೇ ಒಲೆಯಲ್ಲಿ ಉಣ್ಣುವ ದೊಡ್ಡ ಮನೆ. ಅಲ್ಲಿ ಯಾರೂ ದನಿ ಎತ್ತಿ ಮಾತಾಡುವುದಿಲ್ಲವೆಂದು ಪ್ರಸಿದ್ಧಿ. ನಾನು ಈ ಮನೆಗೆ ಮದುವೆಯಾಗಿ ಬಂದಾಗ ಅದೃಷ್ಟವಂತೆ ಅಂದಿದ್ದರು. ಅಂಥವರ ಜೋಡಿ ಸಿಗುವುದೆಂದರೆ ಸಾಮಾನ್ಯವೇ, ಆ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದು ಚಹಾದ ಬಸಿಯೂ ಜಾರಿದ್ದಿಲ್ಲ ಅಂದಿದ್ದರು. ಆಮೇಲೆ ದಾನು ಹುಟ್ಟಿದಳು.

ದಾನು ಎಂದರೆ ದಾನೇಶ್ವರಿ, ನನ್ನ ಮಗಳು. ಮಾತು ಬರಲಿಲ್ಲ. ಕೈಗೆ ಸಿಕ್ಕಿದ್ದನ್ನು ಒಗೆಯುವುದು ಮಾತ್ರ ಬೇಗ ಬಂತು. ಕುಕ್ಕರಿನ ಸೀಟಿಗೆ ಒಗೆಯುತ್ತಿದ್ದಳು, ಬಾಗಿಲಲ್ಲಿ ಹೊಸ ಮುಖ ಕಂಡರೆ ಒಗೆಯುತ್ತಿದ್ದಳು, ಏನೂ ಇಲ್ಲದೆಯೂ ಒಗೆಯುತ್ತಿದ್ದಳು. ಒಗೆದ ಮೇಲೆ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳುವಳು. ಬಿಡಿಸಲು ಹೋದರೆ ನನ್ನ ಕೂದಲು ಅವಳ ಮುಷ್ಟಿಯಲ್ಲಿ. ನಾಲ್ಕು ತುಂಬುವ ಹೊತ್ತಿಗೆ ರಾಚಪ್ಪನವರ ಮನೆಯ ಅರ್ಧ ಅಟ್ಟ ನಮ್ಮಿಂದಾಗಿ ಖಾಲಿಯಾಗಿತ್ತು. ಒಮ್ಮೆ ಅವಳು ಒಗೆದ ಕಲ್ಲಿಗೆ ಸೂರಿನ ಹಂಚು ಒಡೆದ ದಿನ ನನ್ನ ಗಂಡ ಅಂಗಿಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕಿಕೊಂಡ. ಜಗಳವಾಡಲಿಲ್ಲ. ಜಗಳವಾಡಿದ್ದರೆ ನೆನಪಿಟ್ಟುಕೊಳ್ಳಲು ನಾಲ್ಕು ಮಾತಾದರೂ ಉಳಿಯುತ್ತಿದ್ದವು. ಈಗ ಊರಿನ ಇನ್ನೊಂದು ತುದಿಯಲ್ಲಿದ್ದಾನೆ. ಅವನು ಹುಡುಕಿಕೊಂಡ ಮನೆಯ ಜೋಡಿ ಪಾಳುಬಿದ್ದಿದೆ. ಅಲ್ಲಿ ಒಲೆಯಿಲ್ಲ, ಯಾವ ಕಡೆಯಿಂದಲೂ ಏನೂ ಬರುವ ಭಯವಿಲ್ಲ. ಅಂಥ ಮನೆಗೆ ಬಾಡಿಗೆ ಹೆಚ್ಚು.

ಚೂರು ತರುತ್ತಿದ್ದವಳು ರಾಚಪ್ಪನವರ ನಡುವಿನ ಸೊಸೆ ಪ್ರಭಾವತಿ. ನನಗಿಂತ ಎರಡು ವರ್ಷ ದೊಡ್ಡವಳಿರಬಹುದು, ತೆಳ್ಳಗೆ, ಸೆರಗು ಎಂದೂ ಭುಜದಿಂದ ಜಾರದವಳು. ಮೊದಮೊದಲು ಕೂತು ಬೆಲ್ಲ ತಿಂದು ನೀರು ಕುಡಿದು, ಮಕ್ಕಳಂದರ ಹಿಂಗ ರೀ, ಅನ್ನುತ್ತಿದ್ದಳು. ಆಮೇಲೆ ನಿಂತೇ ಬೆಲ್ಲ ಬಾಯಿಗೆ ಹಾಕಿಕೊಳ್ಳತೊಡಗಿದಳು. ಕೊನೆಕೊನೆಗೆ ಚೂರಿನ ಗಂಟನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ನಾನೂ ಹೇಳಿಕಳಿಸುವುದನ್ನು ಬಿಟ್ಟಿದ್ದೆ. ಹೇಳುವುದೇನಿತ್ತು? ಮನೆಗೆ ಬಂದು ಕಪಾಟಿನ ಕೆಳಗೆ ಚೂರು ಕಂಡರೆ ದಾನು ಎಂದು ನಾನು ತಿಳಿಯುತ್ತಿದ್ದೆ, ಕೆರೆಯಾಚೆ ಅವರೂ ಹಾಗೆಯೇ ತಿಳಿಯುತ್ತಿದ್ದರು. ಒಡೆದವರು ಯಾರೆಂದು ಕೇಳುವ ಪದ್ಧತಿ ನಮ್ಮೆರಡು ಮನೆಗಳ ನಡುವೆ ಹೀಗೆ ಸತ್ತುಹೋಯಿತು. ಅದು ಸತ್ತದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಬಿ.ಎಸ್ಸಿ. ಓದಿದ ನನಗೆ ಊರಿನಲ್ಲಿ ಸಿಕ್ಕ ಕೆಲಸ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವುದು. ಜನ ನಸುಕಿನಲ್ಲೇ ಕ್ಯಾನು ಹಿಡಿದು ಸಾಲುಗಟ್ಟುತ್ತಾರೆ. ಒಬ್ಬೊಬ್ಬರ ಹಾಲಿನಲ್ಲೂ ಇಷ್ಟಿಷ್ಟು ತೆಗೆದು ಗಾಜಿನ ನಳಿಕೆಗೆ ಹಾಕಿ, ಆಸಿಡ್ಡು ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ಎಷ್ಟೆಂದು ಹೇಳಬೇಕು. ನಾನು ಹೇಳಿದ ಮಾತಿಗೆ ಎದುರಿರಲಿಲ್ಲ. ಶಕುಂತಲಾ ನೀರು ಅಂದರ ನೀರು, ಹಾಲು ಅಂದರ ಹಾಲು ಎಂದು ಎಮ್ಮೆಯ ಯಜಮಾನರೇ ನನ್ನ ಹೆಸರು ಹಿಡಿದು ಹೇಳುತ್ತಿದ್ದರು. ಡೇರಿಯಲ್ಲಿ ಒಲೆಯಿಲ್ಲ, ಆದ್ದರಿಂದ ಜೋಡಿಯಿಲ್ಲ. ಅಲ್ಲಿ ಒಡೆದರೆ ಒಡೆದದ್ದು ಅಷ್ಟೆ. ಮೊದಲ ಸಲ ನನ್ನ ಕೈಯಿಂದ ನಳಿಕೆಯೊಂದು ಜಾರಿ ಚೂರಾದಾಗ, ಇದಕ್ಕೆ ಬೆಲ್ಲ ಕೊಡಬೇಕಾದವರು ಯಾರೂ ಇಲ್ಲ ಅನ್ನಿಸಿ ಮೈ ಎಷ್ಟು ಹಗುರಾಯಿತೆಂದರೆ ನನಗೇ ನಾಚಿಕೆಯಾಯಿತು.

ಆ ಹೊತ್ತಿನಲ್ಲಿ ದಾನುವನ್ನು ನೋಡಿಕೊಳ್ಳುವವರಿರಲಿಲ್ಲ. ಶಾಲೆಯವರು ಎರಡು ದಿನ ಇಟ್ಟುಕೊಂಡು ವಾಪಸು ಕಳಿಸಿದ್ದರು. ಪಕ್ಕದ ಮನೆಯ ಹನುಮವ್ವ ಒಂದಷ್ಟು ದಿನ ಕೂತಳು. ಒಂದು ಬೆಳಿಗ್ಗೆ ದಾನು ಅವಳ ಕಿವಿಯ ಬುಗುಡಿಗೆ ಕೈ ಹಾಕಿ ಎಳೆದ ಮೇಲೆ ರಕ್ತ ಒರೆಸಿಕೊಳ್ಳುತ್ತ, "ನಿನ್ನ ಮಗಳನ್ನ ಕಾಯೂದಕ್ಕಿಂತ ಒದಿಯೂ ಎಮ್ಮಿ ಹಿಂಡೂದು ಹಗರ ನೋಡವ್ವ. ಎಮ್ಮಿ ಹಾಲರ ಕೊಡತೈತಿ," ಅಂದಳು. ಅವಳ ತಪ್ಪೇನೂ ಇರಲಿಲ್ಲ. ನಾನು ಡೇರಿಯ ನೀಲಿ ಸೀರೆ ಉಟ್ಟರೆ ದಾನುವಿಗೆ ಗೊತ್ತಾಗುತ್ತಿತ್ತು, ಆಗ ಶುರು. ಅದಕ್ಕೆ ಸೀರೆಯನ್ನು ಡೇರಿಯಲ್ಲೇ ಇಟ್ಟು ಅಲ್ಲಿ ಹೋಗಿ ಉಡುತ್ತಿದ್ದೆ. ಅವಳು ನಿದ್ದೆಯಲ್ಲಿದ್ದಾಗಲೇ ಹೊರಟು ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಹಾಲಿನ ಸಾಲು ಕರಗುವವರೆಗೆ ಕಿವಿ ಮನೆಯ ಕಡೆ. ವಾಪಸು ಬಂದು ಬಾಗಿಲು ತೆರೆದರೆ ಕೆಲವು ದಿನ ಚೂರುಗಳ ನಡುವೆ ಅವಳು ಕೂತಿರುತ್ತಿದ್ದಳು. ಹೊಡೆಯುತ್ತಿದ್ದೆ. ಹೊಡೆದು, ತಬ್ಬಿಕೊಂಡು, ಅನ್ನ ಕಲಸಿ ತಿನ್ನಿಸುತ್ತಿದ್ದೆ. ಅವಳು ಅಳುತ್ತಿದ್ದುದು ಹೊಡೆತಕ್ಕೋ ತಬ್ಬಿದ್ದಕ್ಕೋ ನನಗೆ ತಿಳಿಯುತ್ತಿರಲಿಲ್ಲ.

ರಾಚಪ್ಪನವರ ಮನೆಯ ಉಪ್ಪಿನಕಾಯಿ ಭರಣಿ ಹೋದಾಗ ಮಾತು ಹಿರಿಯರವರೆಗೆ ಹೋಯಿತು. ಅವರ ಅಜ್ಜಿಯ ಕಾಲದ ಭರಣಿಯದು. ನಮ್ಮ ಮನೆಯಲ್ಲಿ ಹೋದದ್ದು ಸಂತೆಯಲ್ಲಿ ತಂದ ಗಿಡ್ಡ ಭರಣಿ. ಅವರದಕ್ಕೆ ಸಾಟಿಯಾದದ್ದನ್ನು ನಾನು ಎಲ್ಲಿಂದ ತರಲಿ? ರಾಚಪ್ಪನವರು ಬದಲು ಕೇಳಲಿಲ್ಲ. ಇನ್ನೊಮ್ಮೆ ಹೀಗಾದರೆ ಹುಡುಗಿಯನ್ನು ಬಯಲಮನೆಗೆ ಬಿಡಬೇಕು ಎಂದಷ್ಟೇ ಹೇಳಿಸಿದರು. ಬಯಲಮನೆ ಊರ ಹೊರಗಿದೆ. ಅಲ್ಲಿ ಒಲೆ ಹೊತ್ತಿಸುವುದಿಲ್ಲ, ಊಟ ಊರಿನಿಂದ ಹೋಗುತ್ತದೆ. ನೆಲಕ್ಕೆ ಮರಳು, ಗೋಡೆಗೆ ಚಾಪೆ. ಕೈ ನಿಲ್ಲದವರನ್ನು, ತಲೆ ಕೆಟ್ಟವರನ್ನು ಅಲ್ಲಿ ಬಿಡುತ್ತಾರೆ. ಅಲ್ಲಿಗೆ ಹೋದವರು ಕೆಲವು ತಿಂಗಳಲ್ಲಿ ಸುಮ್ಮನಾಗುತ್ತಾರೆಂದು ಊರಿನವರು ಸಮಾಧಾನದಿಂದ ಹೇಳುತ್ತಾರೆ. ನಾನು ಒಮ್ಮೆ ಹೋಗಿ ನೋಡಿದ್ದೆ. ಹೆಂಗಸೊಬ್ಬಳು ಮರಳನ್ನು ಮುಷ್ಟಿಯಲ್ಲಿ ಎತ್ತಿ ಎತ್ತಿ ಒಗೆಯುತ್ತಿದ್ದಳು. ಸಪ್ಪಳವೇ ಆಗುತ್ತಿರಲಿಲ್ಲ. ಅದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ.

ಭರಣಿ ಹೋದ ಮಾರನೆಯ ದಿನದಿಂದ ದಾನುವನ್ನು ಕಟ್ಟತೊಡಗಿದೆ. ಹಳೆಯ ನೂಲಿನ ಸೀರೆಯನ್ನು ಸೀಳಿ, ಮಡಚಿ, ಅವಳು ನಿದ್ದೆಯಲ್ಲಿದ್ದಾಗ ಎರಡೂ ಕೈಗೆ ಸುತ್ತಿ ಮಂಚದ ಕಾಲಿಗೆ ಗಂಟು. ಮೊದಲ ದಿನ ಡೇರಿಯಲ್ಲಿ ಆಸಿಡ್ಡು ಬೆರಳಿಗೆ ಬಿತ್ತು. ವಾಪಸು ಬಂದಾಗ ಅವಳು ಕಿರುಚಿ ಕಿರುಚಿ ದನಿ ಕಳೆದುಕೊಂಡಿದ್ದಳು. ನಾಲ್ಕೈದು ದಿನಗಳಲ್ಲಿ ಕಿರುಚುವುದನ್ನು ಬಿಟ್ಟಳು. ಮನೆಯಲ್ಲಿ ಏನೂ ಒಡೆಯಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಊರಿನವರು ಏನನ್ನುತ್ತಿದ್ದರೆಂದು ಗೊತ್ತಿತ್ತು. ಕಟ್ಟಿಯೇ ಇಡುವುದಾದರೆ ಬಯಲಮನೆಗೇನಾಗಿದೆ, ಅಲ್ಲಿ ಕೈಕಾಲಾದರೂ ಬಿಚ್ಚಿರುತ್ತವೆ ಅನ್ನುತ್ತಿದ್ದರು. ಒಂದೇ ವ್ಯತ್ಯಾಸವೆಂದರೆ ಗಂಟು ಬಿಚ್ಚಲು ನಾನು ಬರುತ್ತಿದ್ದೆ. ಆ ವ್ಯತ್ಯಾಸವನ್ನು ಹಿಡಿದುಕೊಂಡೇ ನಾನು ಬದುಕುತ್ತಿದ್ದೆ.

ಹೀಗೇ ಒಂದು ಬೆಳಿಗ್ಗೆ ಡೇರಿಯಿಂದ ಬಂದು ಬಾಗಿಲು ತೆರೆದಾಗ ದಾನು ಮಂಚದ ಮೇಲೆ ನಾನು ಕಟ್ಟಿದ ಹಾಗೆಯೇ ಮಗ್ಗುಲಾಗಿ ಮಲಗಿದ್ದಳು. ಗಂಟು ಸಡಿಲವಾಗಿರಲಿಲ್ಲ. ಎದುರಿನ ಗೋಡೆಯಲ್ಲಿ, ನನ್ನ ಕೈಗೂ ಎಟುಕದ ಎತ್ತರದ ಮೊಳೆಯಲ್ಲಿ ತೂಗುಹಾಕಿದ್ದ ಕನ್ನಡಿ ಚೌಕಟ್ಟು ಮಾತ್ರವಾಗಿ ನಿಂತಿತ್ತು. ಗಾಜೆಲ್ಲ ನೆಲದಲ್ಲಿ. ದಾನು ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಹೊಡೆತಕ್ಕೆ ಹೆಗಲನ್ನು ಕಿವಿಯ ತನಕ ಎತ್ತಿಕೊಂಡಳು.

ನಾನು ಹೊಸ್ತಿಲಲ್ಲೇ ಕೂತುಬಿಟ್ಟೆ. ಭರಣಿ ಹೋದ ದಿನ ಅವಳ ಮುಂಗೈಯಲ್ಲಿ ಹಲ್ಲಿನ ಗುರುತಿರಲಿಲ್ಲ. ಅದನ್ನು ನಾನು ಆಗಲೇ ನೋಡಿದ್ದೆ, ನೋಡಿಯೂ ಹೊಡೆದಿದ್ದೆ. ಅದಕ್ಕೂ ಹಿಂದೆ ಎಣ್ಣೆಯ ಸೀಸೆ ಹೋದ ದಿನ ಅವಳು ಜ್ವರದಲ್ಲಿ ಏಳಲಾಗದೆ ಮಲಗಿದ್ದಳು. ದೀಪದ ಗಾಜು, ಮೊಸರಿನ ಕುಡಿಕೆ ಎಲ್ಲ ಒಂದೊಂದಾಗಿ ಬಂದು ಎದುರು ನಿಂತವು. ಯಾವುದು ಅವಳದು, ಯಾವುದು ಅಲ್ಲ ಎಂದು ವಿಂಗಡಿಸಲು ಕೂತರೆ ಕೊನೆಯಿಲ್ಲ. ಕೆರೆಯಾಚೆಯ ದನಿ ಎತ್ತದ ಮನೆಯಲ್ಲಿ ಯಾರೋ ಕೈ ಎತ್ತುತ್ತಿದ್ದರು. ಅದರ ಪೆಟ್ಟೆಲ್ಲ ನನ್ನ ಮಗಳ ಬೆನ್ನ ಮೇಲೆ ಬಿದ್ದಿತ್ತು, ಅದೂ ನನ್ನ ಕೈಯಿಂದ.

ಸಂಜೆ ಅವರೆಲ್ಲ ಬಂದರು. ರಾಚಪ್ಪನವರು ಕೋಲೂರಿ ಜಗುಲಿಯ ಮೇಲೆ ಕೂತರು. ಡೇರಿಯ ಕಾರ್ಯದರ್ಶಿ ಮಡಿವಾಳಪ್ಪ ಊರಿನ ಹಿರಿಯರಲ್ಲೊಬ್ಬನೆಂದು ಬಂದಿದ್ದ, ಇನ್ನಿಬ್ಬರಿದ್ದರು. ಓಣಿಯವರು ತಮ್ಮ ತಮ್ಮ ಬಾಗಿಲಿನಲ್ಲಿ ಕೆಲಸವಿದ್ದವರಂತೆ ನಿಂತಿದ್ದರು. ಪ್ರಭಾವತಿ ಕಂಬದ ಪಕ್ಕ ಚೂರಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಗಂಟು ದೊಡ್ಡದಿತ್ತು. ಅವರ ಪಡಸಾಲೆಯ ಆಳೆತ್ತರದ ಕನ್ನಡಿ, ರಾಚಪ್ಪನವರ ತಂದೆ ತರಿಸಿದ್ದು. ದಾನು ನನ್ನ ಸೆರಗನ್ನು ಬಾಯಲ್ಲಿಟ್ಟು ಜಗಿಯುತ್ತ ನನ್ನ ಕಾಲಿಗೆ ಆತುಕೊಂಡಿದ್ದಳು.

ರಾಚಪ್ಪನವರು ಸಿಟ್ಟು ಮಾಡಲಿಲ್ಲ. "ತಂಗಿ, ಹಿಂದ ಒಂದು ಮಾತು ಹೇಳಿದ್ದೆ. ಮುಂದಿಂದು ನೀನ ಹೇಳಿಬಿಡು, ನಮ್ಮ ಬಾಯಿಲೆ ಬ್ಯಾಡ," ಅಂದರು.

ನನ್ನ ಬಾಯಲ್ಲಿ ನಿಜ ಸಿದ್ಧವಿತ್ತು. ಅವಳು ಒಡೆದಿಲ್ಲ, ಅವಳ ಕೈ ಕಟ್ಟಿದ್ದವು, ನಿಮ್ಮ ಮನೆಯಲ್ಲಿ ಕೇಳಿಕೊಳ್ಳಿ. ಮಧ್ಯದ ಮಾತನ್ನು ಬಿಟ್ಟು ಕೊನೆಯದನ್ನು ಹೇಳುವ ಹಾಗಿರಲಿಲ್ಲ. ಆ ಮನೆಯ ಮೇಲೆ ಬೊಟ್ಟು ಮಾಡುವುದಕ್ಕೆ ನನ್ನಲ್ಲಿದ್ದ ಸಾಕ್ಷಿ ಮಂಚದ ಕಾಲಿಗೆ ಹಾಕಿದ್ದ ಆ ಗಂಟೊಂದೇ. ಹೇಳಿದರೆ ದಾನು ನಿರಪರಾಧಿಯಾಗಿ ಬಯಲಮನೆಗೆ ಹೋಗುತ್ತಿದ್ದಳು, ಹೇಳದಿದ್ದರೆ ಅಪರಾಧಿಯಾಗಿ. ನಾನು ಪ್ರಭಾವತಿಯ ಕಡೆ ನೋಡಿದೆ. ಅವಳು ಚೂರಿನ ಗಂಟಿನ ಕಡೆ ನೋಡುತ್ತಿದ್ದಳು. ಅವಳ ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಚೂರು ಆರಿಸುವಾಗ ಯಾರಿಗಾದರೂ ತಾಗುತ್ತದೆ. ಆದರೆ ಅವಳು ಅದನ್ನು ಸೆರಗಿನೊಳಗೆ ಎಳೆದುಕೊಂಡ ರೀತಿಯಿಂದ ನನಗೆ ತಿಳಿಯಿತು. ನಾನು ನೋಡುತ್ತಲೇ ಇದ್ದೆ. ಈಗಲಾದರೂ ತಲೆ ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ.

"ದಾನು ಅಲ್ರೀ, ನಾನ ಒಡದೆ," ಅಂದೆ.

ಮಡಿವಾಳಪ್ಪ ನಕ್ಕ. ಮಗಳನ್ನು ಉಳಿಸಿಕೊಳ್ಳಲು ತಾಯಿ ಆಡುವ ಸುಳ್ಳೆಂದು ಅವನಿಗೂ ಗೊತ್ತಿತ್ತು, ಅದಕ್ಕೆ ಮೆತ್ತಗೇ ಕೇಳಿದ. "ಕನ್ನಡಿ ಒಡದಿದ್ದು ನಸುಕಿನ್ಯಾಗವ್ವ. ಆವಾಗ ನೀ ನಮ್ಮ ಡೇರ್ಯಾಗ ಇದ್ದಿ."

"ಇರಲಿಲ್ರೀ. ನಡಕ ಎದ್ದು ಮನಿಗೆ ಬಂದಿದ್ದೆ. ಗದ್ದಲದಾಗ ಯಾರಿಗೂ ಗೊತ್ತಾಗಲಿಲ್ಲ."

ಅವನ ನಗು ನಿಂತಿತು. "ಮತ್ತ ಫ್ಯಾಟ್ ಯಾರು ನೋಡಿದ್ರು?"

"ಯಾರೂ ನೋಡಲಿಲ್ಲ. ಅಂದಾಜಿಲೆ ಹೇಳಿದೆ."

ನನ್ನ ಹೆಸರಿನಲ್ಲಿ ಸ್ವಂತದ್ದೆಂದು ಉಳಿದಿದ್ದ ಒಂದೇ ಒಂದನ್ನು, ನನ್ನ ಮಾತಿನ ಮೇಲಿನ ನಂಬಿಕೆಯನ್ನು, ನಾನೇ ಎತ್ತಿ ಹೊರಗೆ ಹಾಕಿದ್ದೆ, ಅದು ಬಿದ್ದ ಸಪ್ಪಳ ಯಾರ ಮನೆಯಲ್ಲೂ ಆಗಲಿಲ್ಲ. ರಾಚಪ್ಪನವರು ಎದ್ದರು. ದೊಡ್ಡವರ ಕೈತಪ್ಪು ಯಾರನ್ನೂ ಬಿಟ್ಟಿದ್ದಲ್ಲ, ಕನ್ನಡಿಗೆ ಬದಲು ಬೇಡ, ಬೆಲ್ಲವಿದ್ದರೆ ಒಂದು ಚೂರು ಕೊಡು ಸಾಕು ಅಂದರು. ಓಣಿಯವರು ಅವರ ದೊಡ್ಡತನವನ್ನು ವಾರಗಟ್ಟಲೆ ಆಡಿಕೊಂಡರು. ಮಡಿವಾಳಪ್ಪ ಹೋಗುವಾಗ ನನ್ನ ಮುಖ ನೋಡಲಿಲ್ಲ. ನೀಲಿ ಸೀರೆಯನ್ನು ಮರುದಿನ ಯಾರದೋ ಕೈಯಲ್ಲಿ ಕಳಿಸಿದ. ಕೆಲಸದ ವಿಷಯ ಹೇಳಿಕಳಿಸಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ಹಾಲು ಹಾಕುವವರ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಹಿಂದೆ ಎಂದೋ ನೀರು ಬೆರೆಸಿ ನನ್ನ ಕೈಗೆ ಸಿಕ್ಕಿಬಿದ್ದವರೆಲ್ಲ ಈಗ ಎದ್ದು ನಿಂತರು. ಬಾವಿಗೆ ಹೋದರೆ ಒಬ್ಬಳು ಕೊಡ ತುಂಬಿಕೊಳ್ಳುತ್ತ, ನನ್ನ ನೀರಿನ್ಯಾಗ ಫ್ಯಾಟ್ ಎಷ್ಟೈತಿ ನೋಡಿ ಹೇಳು ತಂಗಿ, ಅಂದಳು. ಉಳಿದವರು ನಕ್ಕರು. ನಾನೂ ನಕ್ಕೆ. ಬೇರೆ ಕೆಲಸಕ್ಕೆ ಕೇಳಿದಲ್ಲೆಲ್ಲ ನೋಡೋಣ ಅಂದರು. ಈಗ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲು ಹಚ್ಚುತ್ತೇನೆ. ದಾನು ಸೂಜಿ ಕಸಿಯುತ್ತಾಳೆ, ನಾನು ಮತ್ತೆ ಪೋಣಿಸುತ್ತೇನೆ. ದಿನವೆಲ್ಲ ಅವಳ ಜೊತೆಗೇ ಇರುತ್ತೇನೆ. ಇದನ್ನೇ ಅಲ್ಲವೆ ನಾನು ವರ್ಷಗಟ್ಟಲೆ ಬಯಸಿದ್ದು ಎಂದು ಒಮ್ಮೊಮ್ಮೆ ಕೇಳಿಕೊಳ್ಳುತ್ತೇನೆ. ಡೇರಿಯ ಸಾಲಿನೆದುರು ನಿಂತ ಆ ಒಂದಷ್ಟು ಹೊತ್ತು ನಾನು ಯಾರ ತಾಯಿಯೂ ಆಗಿರುತ್ತಿರಲಿಲ್ಲ ಎಂಬುದು ಅದು ಹೋದ ಮೇಲೆ ಗೊತ್ತಾಯಿತು.

ಕೆಲವು ವಾರಗಳ ನಂತರ ಪ್ರಭಾವತಿ ಬಂದಳು. ಕೈಯಲ್ಲಿ ಗಂಟಿರಲಿಲ್ಲ. ಮಧ್ಯಾಹ್ನ, ದಾನು ಮಲಗಿದ್ದಳು. ಕೂಡು ಎಂದು ನಾನು ಹೇಳಲಿಲ್ಲ, ಅವಳೇ ಹೊಸ್ತಿಲ ಒಳಗೆ ಕೂತಳು. ಅತ್ತರೆ ಎದ್ದು ಹೋಗು ಅನ್ನಬೇಕೆಂದುಕೊಂಡಿದ್ದೆ. ಅಳಲಿಲ್ಲ. ಎಂದಿನಿಂದ ಎಂದು ಕೇಳಿದೆ. ದಾನುವಿನಿಂದಾಗಿ ಮೊದಲ ಬಟ್ಟಲುಗಳು ಹೋದ ವರ್ಷವೇ ಎಂದಳು. ಅಟ್ಟದಲ್ಲಿ ಒಬ್ಬಳೇ ಚೂರು ಆರಿಸುತ್ತಿದ್ದಳಂತೆ, ಪಕ್ಕದಲ್ಲೊಂದು ಇಡಿಯ ಬಟ್ಟಲು ಉಳಿದಿತ್ತಂತೆ. ಎತ್ತಿ ಒಗೆದಳಂತೆ. ಕೆಳಗಿನಿಂದ ಅತ್ತೆ, ಮತ್ತ ಆ ಹುಡುಗಿ ನೋಡವ್ವ, ಅಂದರಂತೆ.

"ನಮ್ಮ ಮನ್ಯಾಗ ಒಂದು ಚಮಚಾ ಕೆಳಗ ಬಿದ್ದರೂ ಎಲ್ಲಾರೂ ಹೊಳ್ಳಿ ನೋಡ್ತಾರ್ರೀ," ಅಂದಳು. "ನಿಮ್ಮ ಮಗಳ ಹೆಸರಿನ್ಯಾಗ ಒಗದರ ಯಾರೂ ನೋಡ್ತಿದ್ದಿಲ್ಲ."

ಕನ್ನಡಿ ಯಾಕೆ ಎಂದೆ. ಅದರಾಗ ನಾ ದಿನಾ ಕಾಣತಿದ್ದೆ ಎಂದಳು. ಅಂದು ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ತವರಿಗೆ ಕಳಿಸುತ್ತಿದ್ದರು, ತವರಿನಲ್ಲಿ ಈಗ ಯಾರೂ ಇಲ್ಲ. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಮಲಗಿದ್ದ ದಾನುವಿನ ಬೆನ್ನ ಕಡೆ ಕೈ ತೋರಿಸಿ, ಇಲ್ಲಿ ಬಿದ್ದಾವು ನಿಮ್ಮ ಬಟ್ಟಲೆಲ್ಲ ಎಂದೆ. ಅವಳು ಆ ಕಡೆ ನೋಡಿದಳು. ಇನ್ನು ಮುಂದೆ ಇಲ್ಲ, ನನ್ನ ಮಕ್ಕಳಾಣೆ ಎಂದಳು. ಪದ್ಧತಿಯಂತೆ ಬೆಲ್ಲ, ನೀರು ಕೊಟ್ಟೆ. ಬೆಲ್ಲವನ್ನು ಅಲ್ಲೇ ತಿನ್ನದೆ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದಳು.

ಆಣೆಯನ್ನು ಬೇಸಿಗೆ ಮುಗಿಯುವ ತನಕ ಉಳಿಸಿಕೊಂಡಳು. ನಿನ್ನೆ ಸಂಜೆ ನಾನು ದಾನುವಿಗೆ ಉಣ್ಣಿಸುತ್ತಿದ್ದೆ. ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತಿದ್ದೆವು. ನನ್ನ ಕೈಯಲ್ಲಿ ತುತ್ತು, ಅವಳ ಕೈಗಳು ಅವಳ ಮಡಿಲಲ್ಲಿ. ಮೂಲೆಯ ನೀರಿನ ಮಣ್ಣಿನ ಗಡಿಗೆ ಯಾರೂ ಮುಟ್ಟದೆ ನಡುವಿಗೆ ಬಿರಿದು ಕೂತಲ್ಲೇ ಕುಸಿಯಿತು. ನೀರು ನೆಲದುದ್ದಕ್ಕೂ ಹರಿದು ಬಂದು ತಟ್ಟೆಯ ಬುಡ ತೊಯ್ಯಿಸಿತು. ಅವಳಲ್ಲ ಎನ್ನುವುದು ಈ ಸಲ ಅವಳ ಕಣ್ಣೆದುರಿಗೇ ಇತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅದಾದರೂ ಅವಳಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ.

ದಾನು ಎದ್ದಳು. ನೀರಿನಲ್ಲಿ ಹೆಜ್ಜೆಯಿಟ್ಟು ಮಂಚದ ಬಳಿ ಹೋದಳು, ಅದರ ಕಾಲಿಗೆ ಒರಗಿ ಕೂತಳು, ಎರಡೂ ಕೈಗಳನ್ನು ಜೋಡಿಸಿ ನನ್ನ ಕಡೆ ಚಾಚಿದಳು.

ನೀ ಅಲ್ಲ ಕೂಸ, ನೀ ಒಡದಿಲ್ಲ ಎಂದೆ. ಹತ್ತಿರ ಕೂತು ಮತ್ತೆ ಮತ್ತೆ ಹೇಳಿದೆ. ಕೈಗಳನ್ನು ಹಿಡಿದು ಕೆಳಗಿಳಿಸಿದೆ, ಅವಳು ಮತ್ತೆ ಎತ್ತಿದಳು. ತುತ್ತು ಒಯ್ದರೆ ತುಟಿ ಬಿಗಿದುಕೊಂಡಳು. ಅನ್ನ ಆರಿತು. ಹೊರಗೆ ಓಣಿಯಲ್ಲಿ ದೀಪಗಳು ಬಂದವು. ಅವಳ ತೋಳು ನಡುಗುತ್ತಿದ್ದವು, ಆದರೂ ಇಳಿಸಲಿಲ್ಲ. ಕೊನೆಗೆ ನಾನು ಹಾಸಿಗೆಯ ಕೆಳಗಿನಿಂದ ಆ ಸೀಳಿದ ಸೀರೆಯ ಬಟ್ಟೆಯನ್ನು ತೆಗೆದು ಅವಳ ಕೈಗೆ ಸಡಿಲವಾಗಿ ಸುತ್ತಿ ಗಂಟು ಹಾಕಿದೆ. ಆಮೇಲೆ ಅವಳು ತುತ್ತಿಗೆ ಬಾಯಿ ತೆರೆದಳು.